ಮೆರವಣಿಗೆಯ ಮುಂದೆ ನಡೆದವರ ಹೆಸರು ಎಲ್ಲಿ?

ಜವಳಿ ವ್ಯಾಪಾರದಲ್ಲಿರುವವರಿಗೆ ರಾಯದುರ್ಗ ಅಂದ್ರೆ ಜೀನ್ಸ್ ಹೊಲಿಯುವ ಊರು. ಅದೇ ಗಡಿಯಲ್ಲಿರುವ ಮಡಕಶಿರಾ ತುಮಕೂರಿನ ಪಾವಗಡ, ಮಧುಗಿರಿಗಳಿಗೆ ಹತ್ತಿರ. ಎರಡೂ ಆಂಧ್ರಕ್ಕೆ ಸೇರಿದ್ದರೂ ಅಲ್ಲಿನ ಸಂತೆಯಲ್ಲಿ, ಮನೆಗಳಲ್ಲಿ ಕನ್ನಡ ಈಗಲೂ ಕೇಳಿಸುತ್ತದೆ. 2022ರಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಈ ಭಾಗದಲ್ಲಿ ಮೊಹರಂ ಅಂದರೆ ಪೀರ್‌ಗಳ ಹಬ್ಬ. ಗಡಿಯ ಈಚೆ ಅದನ್ನೇ ಬಾಬಯ್ಯನ ಹಬ್ಬ ಅಂತಾರೆ. ಹಿಂದೂ ಮುಸ್ಲಿಮರು ಒಟ್ಟಿಗೆ ಸೇರುತ್ತಾರೆ, ಮುಂದೆ ತಮಟೆ ಸಾಗುತ್ತದೆ. ಬ್ಯಾರಿಗಳ ಆಚರಣೆ ಬೇರೆ. ಆದರೆ ಒಂದು ವಿಷಯ ಎರಡೂ ಕಡೆ ಒಂದೇ: ಮೆರವಣಿಗೆ ಬರುತ್ತಿದೆ ಎಂದು ಊರಿಗೆ ಮೊದಲು ತಿಳಿಸುವುದು ವಾದ್ಯದ ಸದ್ದು, ಮೆರವಣಿಗೆ ಮುಗಿದ ಮೇಲೆ ಮೊದಲು ಮರೆತುಹೋಗುವುದು ಅದನ್ನು ಬಾರಿಸಿದವರು.

ಚಿತ್ರ, ಶಿಲ್ಪಗಳಲ್ಲಾದರೂ ಇವರಿಗೆ ಜಾಗ ಸಿಕ್ಕಿದೆಯಾ?

ಮಡಕಶಿರಾ ಸೀಮೆಗೆ ಹತ್ತಿರದಲ್ಲೇ ಲೇಪಾಕ್ಷಿ ಇದೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಅಂದರೆ 16ನೇ ಶತಮಾನದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು ಕಟ್ಟಿಸಿದ ದೇವಸ್ಥಾನ ಅದು. ಅದರ ಚಾವಣಿಯ ಬಣ್ಣದ ಚಿತ್ರಗಳು ಪ್ರಸಿದ್ಧ. ನಾಟ್ಯಮಂಟಪದ ಕಂಬಗಳಲ್ಲಿ ಒಂದು ಇಡೀ ವಾದ್ಯಮೇಳವೇ ಇದೆ. ಆದರೆ ಅಲ್ಲಿ ಮದ್ದಳೆ ಹಿಡಿದವನು ಬ್ರಹ್ಮ, ವೀಣೆ ನುಡಿಸುವವನು ತುಂಬುರು, ಕುಣಿಯುವವಳು ರಂಭೆ. ಊರಿನ ವಾದ್ಯಗಾರ ತನ್ನ ಹೆಸರಿನಲ್ಲಿ ಅಲ್ಲಿ ನಿಂತಿಲ್ಲ.

ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆಯಲ್ಲಿ ಮನುಷ್ಯರೇ ಸಿಗುತ್ತಾರೆ. ಸಾಲು ಸಾಲಾಗಿ ಆನೆ, ಕುದುರೆ, ಸೈನಿಕರು, ನರ್ತಕಿಯರು, ವಾದ್ಯಗಾರರು. ಇದು ಮಹಾನವಮಿಯ ಮೆರವಣಿಗೆ ಎನ್ನುತ್ತಾರೆ ಇತಿಹಾಸಕಾರರು. ಈ ಹಬ್ಬವನ್ನು ಕಣ್ಣಾರೆ ಕಂಡು ಬರೆದವರಲ್ಲಿ ಒಬ್ಬರು ಅಬ್ದುರ್ರಝಾಕ್. ಹೆರಾತ್‌ನ ಸುಲ್ತಾನ ಶಾರುಖ್‌ನ ರಾಯಭಾರಿಯಾಗಿ ಕಲ್ಲಿಕೋಟೆಗೆ ಬಂದು, ಅಲ್ಲಿಂದ ಮಂಗಳೂರಿನ ದಾರಿಯಾಗಿ 1443ರಲ್ಲಿ ವಿಜಯನಗರ ತಲುಪಿದವರು. ಅವರ ಬರಹದಲ್ಲಿ ಅರಸನಿದ್ದಾನೆ, ಆನೆಗಳಿವೆ, ಹಾಡುವ ಹೆಣ್ಮಕ್ಕಳಿದ್ದಾರೆ. ಕಲ್ಲಿನ ಮೇಲಿರುವ ಡೋಲಿನವನ ಹೆಸರು ಮಾತ್ರ ಯಾರ ಬಳಿಯೂ ಇಲ್ಲ.

ಮೈಸೂರು ಅರಮನೆಗೆ ಬನ್ನಿ. ಕಲ್ಯಾಣಮಂಟಪದ ಗೋಡೆಗಳಲ್ಲಿ 26 ದೊಡ್ಡ ವರ್ಣಚಿತ್ರಗಳಿವೆ. 1930ರ ದಸರಾ ಮೆರವಣಿಗೆಯನ್ನು ನಿಜವಾದ ಫೋಟೋಗಳನ್ನು ಎದುರಿಗಿಟ್ಟುಕೊಂಡು ಬಿಡಿಸಿದ್ದು. ಆನೆ, ಕುದುರೆ, ಸಿಪಾಯಿಗಳು, ಸಮವಸ್ತ್ರದವರು, ರಸ್ತೆಬದಿಯಲ್ಲಿ ನಿಂತು ನೋಡುವ ಜನ, ಎಲ್ಲವೂ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಮನೆಗೆ ಕರ್ನಾಟಕ ಸಂಗೀತದ ಬ್ಯಾಂಡ್ ಬೇರೆ, ಇಂಗ್ಲಿಷ್ ಬ್ಯಾಂಡ್ ಬೇರೆ ಇತ್ತು. ಚಿತ್ರಗಳ ಮುಂದೆ ನಿಂತವರು ಮಹಾರಾಜರನ್ನು ಕೂಡಲೇ ಗುರುತಿಸುತ್ತಾರೆ. ಸಾಲಿನಲ್ಲಿ ನಡೆಯುವವನು ಯಾರ ಮಗ, ಯಾವ ಊರಿನವನು ಅಂತ ಕೇಳುವವರಿಲ್ಲ.

ಅಮೆರಿಕದಲ್ಲಿ ಒಂದು ಸಮುದಾಯ ಇದನ್ನು ಬೇರೆ ರೀತಿ ನೋಡಿತು. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಪ್ಪು ಜನರಿಗೆಂದೇ ಹುಟ್ಟಿದ ಕಾಲೇಜುಗಳಿವೆ. 1887ರಲ್ಲಿ ಶುರುವಾದ ಫ್ಲೋರಿಡಾ ಎ ಆಂಡ್ ಎಂ ಅಂಥದ್ದು. ಅದರ ಬ್ಯಾಂಡನ್ನು 1946ರಿಂದ ವಿಲಿಯಂ ಫಾಸ್ಟರ್ ಕಟ್ಟಿ ಬೆಳೆಸಿದರು. 1989ರಲ್ಲಿ ಫ್ರೆಂಚ್ ಕ್ರಾಂತಿಯ 200ನೇ ವರ್ಷದ ಮೆರವಣಿಗೆಗೆ ಆ ಬ್ಯಾಂಡ್ ಪ್ಯಾರಿಸ್‌ಗೆ ಹೋಯಿತು. ಲೂಸಿಯಾನದ ಗ್ರ್ಯಾಂಬ್ಲಿಂಗ್ ಕಾಲೇಜಿನ ಬ್ಯಾಂಡ್ 1967ರ ಮೊದಲ ಸೂಪರ್ ಬೌಲ್ ಪಂದ್ಯದ ಮಧ್ಯಂತರದಲ್ಲಿ ನುಡಿಸಿತು. ಅಲ್ಲಿನ ಕಲಾವಿದರ ಚಿತ್ರಗಳಲ್ಲಿ ನಡುವಿನ ಜಾಗ ಅರಸನಿಗಲ್ಲ, ಡ್ರಮ್ ಹೊತ್ತ ಹುಡುಗನಿಗೆ, ಕಹಳೆ ಎತ್ತಿದ ಹುಡುಗಿಗೆ. ತಮ್ಮನ್ನು ಒಳಗೆ ಬಿಡದ ದೇಶದಲ್ಲಿ ತಲೆ ಎತ್ತಿ ಸಾಲಾಗಿ ನಡೆಯುವುದೇ ಒಂದು ಉತ್ತರ. ಆ ಚಿತ್ರಗಳನ್ನು ಜನ ಮನೆಯ ಗೋಡೆಗೆ ಹಾಕಿಕೊಳ್ಳುವುದು ಅದಕ್ಕೇ.

ಇನ್ನು ಕರಾವಳಿಗೆ ಬರೋಣ. ಮೀಲಾದ್ ರ್‍ಯಾಲಿಯ ಮುಂದೆ ನಡೆಯುವ ದಫ್ ತಂಡ, ಸ್ಕೌಟ್ ತಂಡದ ಮಕ್ಕಳು ಎಷ್ಟೋ ದಿನ ಮೊದಲೇ ಅಭ್ಯಾಸ ಶುರು ಮಾಡುತ್ತಾರೆ. ಹೆಜ್ಜೆ ತಪ್ಪಿದರೆ ಮತ್ತೆ ಮೊದಲಿಂದ. ಕಲಿಸುವ ಉಸ್ತಾದರೂ ಅವರ ಜೊತೆಗೇ ನಿಂತಿರುತ್ತಾರೆ. ಮರುದಿನ ವರದಿಯಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳ ಹೆಸರು ಸಾಲಾಗಿ ಬರುತ್ತದೆ. ತಂಡದ ಬಗ್ಗೆ ಇರುವುದು ‘ದಫ್ ಪ್ರದರ್ಶನ ಗಮನ ಸೆಳೆಯಿತು’ ಎಂಬ ಒಂದು ವಾಕ್ಯ. ಜಮಾಅತಿನ ಲೆಕ್ಕ ಪುಸ್ತಕದಲ್ಲೂ ಅಷ್ಟೇ. ಬ್ಯಾನರ್‌ಗೆ, ಮೈಕ್‌ಗೆ, ಶರಬತ್ತಿಗೆ ಬೇರೆ ಬೇರೆ ಸಾಲು. ಮಕ್ಕಳದು ‘ಇತರೆ’ಯೊಳಗೆ.

ಜೀವಿಗಳ ಚಿತ್ರ ಬಿಡಿಸುವುದರ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ವಾದ್ಯಗಳ ಬಗ್ಗೆಯೂ ಇವೆ. ಆ ಚರ್ಚೆ ಬಲ್ಲವರಿಗೇ ಇರಲಿ. ಆದರೆ ಹೆಸರು ಬರೆದಿಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಖರ್ಚೂ ಇಲ್ಲ. ಒಂದು ನೋಟ್‌ಬುಕ್ ಸಾಕು. ಯಾವ ವರ್ಷ, ತಂಡದಲ್ಲಿ ಯಾರಿದ್ದರು, ಕಲಿಸಿದ ಉಸ್ತಾದರು ಯಾರು, ಅವರು ಯಾರಿಂದ ಕಲಿತರು, ಯಾವ ಬೈತ್ ಹಾಡಿದರು. ಇಷ್ಟು ಬರೆದು ಮದ್ರಸದ ಕಪಾಟಿನಲ್ಲಿಟ್ಟರೆ ಆಯ್ತು. ಮೊಬೈಲ್‌ನಲ್ಲಿರುವ ಫೋಟೋ ಫೋನ್ ಕೆಟ್ಟ ದಿನ ಹೋಗುತ್ತದೆ, ಹೆಸರಿಲ್ಲದ ಫೋಟೋ ಉಳಿದರೂ ಇಪ್ಪತ್ತು ವರ್ಷದ ನಂತರ ‘ಇವರ್ಯಾರು?’ ಅನ್ನೋ ಪ್ರಶ್ನೆಯಾಗುತ್ತದೆ. ಹಳೆಯ ದಫ್ ಉಸ್ತಾದರು ಇನ್ನೂ ನೆನಪಿಟ್ಟುಕೊಂಡು ಹೇಳಬಲ್ಲವರಿದ್ದಾರೆ. ಯುವಕರು ಒಂದು ಸಂಜೆ ಹೋಗಿ ಅವರ ಹತ್ತಿರ ಕೂತರೆ ಸಾಕು.

ಹಂಪಿಯ ಕಲ್ಲಿನ ಡೋಲಿನವನ ಹೆಸರು ಇನ್ನು ಸಿಗುವುದಿಲ್ಲ. ಈ ವರ್ಷದ ಮೀಲಾದ್‌ನಲ್ಲಿ ಮುಂದಿನ ಸಾಲಿನಲ್ಲಿ ನಡೆಯುವ ಹುಡುಗನ ಹೆಸರು ಮಾತ್ರ ಇನ್ನೂ ಕೈಯಲ್ಲೇ ಇದೆ.