ಅಂಗಳದ ಕರೆಂಟಿಗೆ ಲೆಕ್ಕ ಹಿಡಿಯುವ ಪೆಟ್ಟಿಗೆ

ಸಿಂಧನೂರು ಬಳಿಯ ಗೊರೇಬಾಳದಂಥ ಊರಿನಲ್ಲಿ ಕರೆಂಟು ಮನೆಯ ಒಳಗೆ ದುಡಿದಷ್ಟೇ ಹೊರಗೂ ದುಡಿಯುತ್ತದೆ. ಅಂಗಳದ ಲೈಟು, ಕೊಟ್ಟಿಗೆಯ ಬಲ್ಬು, ನೀರಿನ ಮೋಟಾರು, ಮೇವು ಕತ್ತರಿಸುವ ಯಂತ್ರ, ಈಗೀಗ ಹೂಗಿಡಗಳ ನಡುವೆ ನಿಲ್ಲಿಸುವ ಗಿಡ್ಡ ಕಂಬದ ದೀಪ. ಒಳಗೆ ಪೈಪಿನಲ್ಲಿ ಅಡಗಿ ಬರುವ ವೈರು ಹೊಸಿಲು ದಾಟಿದ್ದೇ ತಡ, ಬೇವಿನ ಕೊಂಬೆಗೆ ಸುತ್ತಿಕೊಂಡು, ಬಟ್ಟೆ ಒಣಹಾಕುವ ತಂತಿಯ ಮೊಳೆಗೇ ಜೋತುಬಿದ್ದು ಸಾಗುತ್ತದೆ. ನಲವತ್ತು ಡಿಗ್ರಿ ದಾಟುವ ಸಿಂಧನೂರಿನ ಬಿಸಿಲಿಗೆ ಅದರ ಪ್ಲಾಸ್ಟಿಕ್ ಹೊದಿಕೆ ಸೆಟೆದು ಬಿರುಕು ಬಿಡುತ್ತದೆ. ಮುಂದೆ ಮಳೆ ಬರುತ್ತದೆ. ಒದ್ದೆ ನೆಲ, ಬರಿಗಾಲು, ಒದ್ದೆ ಬಟ್ಟೆ ಹಿಡಿದ ಕೈ.

ಮನೆಗೆ ಬರುವುದು 230 ವೋಲ್ಟ್. ಒದ್ದೆಯಾದ ದೇಹದ ರೋಧ ಒಂದು ಸಾವಿರ ಓಮ್‌ಗೆ ಇಳಿದರೆ 230 ಮಿಲಿ ಆಂಪಿಯರ್ ಹರಿಯುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್, ಕರೆಂಟು ತಗಲಿದ ಕೈ ಎಷ್ಟರವರೆಗೆ ತಾನಾಗಿ ಬಿಡಿಸಿಕೊಳ್ಳಬಲ್ಲದು ಎಂಬುದನ್ನು ಸ್ವಯಂಸೇವಕರ ಮೇಲೆ ಅಳೆದಿದ್ದರು. ಸರಾಸರಿ ಗಂಡಸರಿಗೆ 16 ಮಿಲಿ ಆಂಪಿಯರ್, ಹೆಂಗಸರಿಗೆ ಹತ್ತೂವರೆ. ಅದು ಮೀರಿದರೆ ಸ್ನಾಯು ಬಿಗಿದು ಕೈ ತಂತಿಯನ್ನೇ ಹಿಡಿದುಕೊಳ್ಳುತ್ತದೆ. ಇನ್ನೂ ಏರಿದರೆ ಉಸಿರು ಕಟ್ಟುತ್ತದೆ, ಹೃದಯದ ಲಯ ತಪ್ಪುತ್ತದೆ.

ಲೋಡು ಮೀರಿದರೆ ತಾನಾಗಿ ಆರಿ ಬೀಳುವ ಎಂಸಿಬಿ ಇದೆಯಲ್ಲ ಎನ್ನುವವರು ಒಂದು ಲೆಕ್ಕ ಮಾಡಿ ನೋಡಬೇಕು. 16 ಆಂಪಿಯರ್‌ನ ಎಂಸಿಬಿ ಕಾಯುವುದು ವೈರನ್ನು, ಅದು ಕಾದು ಸುಡದ ಹಾಗೆ. ಮನುಷ್ಯನನ್ನು ಕೊಲ್ಲುವಷ್ಟು ಕರೆಂಟು ಅದರ ಪಾಲಿಗೆ ಒಂದು ಬಲ್ಬಿನ ಹೊರೆಯಷ್ಟೇ.

ಮನುಷ್ಯನನ್ನು ಕಾಯುವ ಪೆಟ್ಟಿಗೆ ಬೇರೆ. ಅಂಗಡಿಯಲ್ಲಿ ಇಎಲ್‌ಸಿಬಿ ಅಂತ ಕೇಳುತ್ತಾರೆ, ಮೇಲೆ ಆರ್‌ಸಿಸಿಬಿ ಎಂದು ಬರೆದಿರುತ್ತದೆ. ಡಾಲ್ಜಿಯಲ್ ಇಂಥದ್ದೇ ಒಂದನ್ನು 1960ರ ದಶಕದಲ್ಲಿ ರೂಪಿಸಿದ್ದರು. ಒಳಗಿನ ಉಪಾಯ ಸರಳ, ಸೊಗಸಾದದ್ದು. ಕಾಂತೀಯ ಲೋಹದ ಒಂದು ಬಳೆ, ಅದರೊಳಗಿಂದ ಫೇಸ್ ಮತ್ತು ನ್ಯೂಟ್ರಲ್ ಎರಡೂ ಹಾಯುತ್ತವೆ. ಫೇಸಿನಲ್ಲಿ ಹೋದಷ್ಟೂ ನ್ಯೂಟ್ರಲ್‌ನಲ್ಲಿ ಮರಳಿದರೆ ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸುತ್ತವೆ, ಬಳೆ ಸುಮ್ಮನಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರಿಗೆ ಈ ಲೆಕ್ಕ ಹೊಸದಲ್ಲ: ಮೇಲಿನ ಗೇಜಿನಲ್ಲಿ ಬಿಟ್ಟ ನೀರು ಕೆಳಗಿನ ಗೇಜಿನಲ್ಲಿ ಕಾಣದಿದ್ದರೆ ನಡುವೆ ಎಲ್ಲೋ ಹರಿದುಹೋಗಿದೆ. ಹಾಗೆಯೇ ಒಂದಿಷ್ಟು ಕರೆಂಟು ಯಾರದೋ ದೇಹದ ಮೂಲಕ ಮಣ್ಣಿಗೆ ಇಳಿದರೆ ಮರಳುವುದು ಕಡಿಮೆಯಾಗುತ್ತದೆ. ಆ ವ್ಯತ್ಯಾಸ ಬಳೆಗೆ ಸುತ್ತಿದ ಸಣ್ಣ ಸುರುಳಿಯಲ್ಲಿ ಕರೆಂಟು ಹುಟ್ಟಿಸುತ್ತದೆ, ಅದು ಬಿಗಿದಿಟ್ಟ ಸ್ಪ್ರಿಂಗನ್ನು ಬಿಡಿಸುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸಕ್ಕೆ 0.3 ಸೆಕೆಂಡಿನೊಳಗೆ ಲೈನು ಕಡಿದುಹೋಗಬೇಕು. ವ್ಯತ್ಯಾಸ ದೊಡ್ಡದಾದರೆ ಇನ್ನೂ ಬೇಗ.

ಇದಕ್ಕೊಂದು ಮಿತಿಯಿದೆ. ಫೇಸು, ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಹಿಡಿದು, ಮಣ್ಣಿನ ಸಂಪರ್ಕವಿಲ್ಲದೆ ನಿಂತವನನ್ನು ಇದು ಕಾಯಲಾರದು. ಲೋಡು ಹೆಚ್ಚಾದರೂ ಇದಕ್ಕೆ ತಿಳಿಯದು. ಆದ್ದರಿಂದ ಎಂಸಿಬಿಯೂ ಬೇಕು, ಇದೂ ಬೇಕು.

ನಮ್ಮ ಎರೆ ಮಣ್ಣಿನಲ್ಲಿ ಇದು ಏಕೆ ಹೆಚ್ಚು ಮುಖ್ಯ ಎಂಬುದನ್ನು ಬಿಡಿಸಿ ಹೇಳಬೇಕು. ನೀರುಂಡ ಎರೆ ಮಣ್ಣು ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ, ಕೈ ತೂರುವಷ್ಟು ಬಾಯಿಬಿಟ್ಟು, ಹೂತಿಟ್ಟ ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಎರಡೂವರೆ ಮೀಟರ್ ಪೈಪು, ಸುತ್ತ ಇದ್ದಿಲು, ಉಪ್ಪು, ಆಗಾಗ ನೀರು ಎನ್ನುವ ಪದ್ಧತಿ ಇರುವುದು ಇದಕ್ಕೇ. ನೀರು ಹಾಕುವುದು ಮರೆತು ಅರ್ಥಿಂಗಿನ ರೋಧ 20 ಓಮ್‌ಗೆ ಏರಿತು ಎನ್ನಿ. ಅರ್ಥಿಂಗಿಗೆ ಜೋಡಿಸಿದ ಲೈಟುಕಂಬದೊಳಗೆ ಫೇಸು ಕಂಬಕ್ಕೆ ತಾಗಿದರೆ ಮಣ್ಣಿಗೆ ಇಳಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್‌ನ ಎಂಸಿಬಿ ಬೀಳುವುದಿಲ್ಲ, ಕಂಬ ಜೀವಂತ ತಂತಿಯಾಗಿ ನಿಂತಿರುತ್ತದೆ. ಇಎಲ್‌ಸಿಬಿ ಇದ್ದರೆ ತಾಗಿದ ಕ್ಷಣವೇ, ಯಾರೂ ಮುಟ್ಟುವ ಮೊದಲೇ, ಬಿದ್ದಿರುತ್ತದೆ.

ಹೊರಗಿನ ಲೈನಿಗೆ ಮನೆಯ ಬೋರ್ಡಿನಿಂದಲೇ ಬೇರೆ ಎಂಸಿಬಿ, ಬೇರೆ ಇಎಲ್‌ಸಿಬಿ ಕೊಡುವುದು ಮೇಲು. ಅಂಗಳದಲ್ಲಿ ತೊಂದರೆಯಾದರೆ ಮನೆ ಕತ್ತಲಾಗುವುದಿಲ್ಲ. ಕೇಬಲ್ಲು ಉಕ್ಕಿನ ಕವಚದ ಆರ್ಮರ್ಡ್ ಇರಲಿ. ಗದ್ದೆ ಬಯಲಿನ ಹೆಗ್ಗಣಗಳಿಗೆ ಬರಿಯ ಪ್ಲಾಸ್ಟಿಕ್ ಪೈಪು ಒಂದು ರಾತ್ರಿಯ ಕೆಲಸ. ಮುಕ್ಕಾಲು ಮೀಟರ್ ಆಳ, ಕೆಳಗೂ ಮೇಲೂ ಮರಳು, ಅದರ ಮೇಲೆ ಇಟ್ಟಿಗೆಯ ಸಾಲು: ಮುಂದೆಂದೋ ಗುದ್ದಲಿ ಹಾಕುವವನಿಗೆ ಇಟ್ಟಿಗೆ ಮೊದಲು ಸಿಗಬೇಕು. ಎರೆ ಮಣ್ಣು ಹಿಗ್ಗಿ ಕುಗ್ಗುವಾಗ ಎಳೆಯುವುದರಿಂದ ಕೇಬಲ್ಲನ್ನು ಬಿಗಿಯಾಗಿ ಹಾಸದೆ ತುಸು ಸಡಿಲ ಬಿಡಬೇಕು, ಮಣ್ಣಿನೊಳಗೆ ಜಾಯಿಂಟ್ ಮಾಡಲೇಬಾರದು.

ವೈರಿನ ದಪ್ಪದ ವಿಷಯದಲ್ಲಿ ಜಿಪುಣತನ ಮೋಟಾರಿಗೆ ಪೆಟ್ಟು. ಒಂದೂವರೆ ಚದರ ಮಿಲಿಮೀಟರ್ ತಾಮ್ರದ ವೈರು 50 ಮೀಟರ್ ದೂರ ಹೋಗಿ ಬರುವಾಗ ಅದರ ರೋಧ ಸುಮಾರು 1.2 ಓಮ್. ಎಲ್‌ಇಡಿ ದೀಪಕ್ಕೆ ಅದು ಲೆಕ್ಕಕ್ಕಿಲ್ಲ. ಆದರೆ ಶುರುವಾಗುವಾಗ 30 ಆಂಪಿಯರ್ ಎಳೆಯುವ ಮೋಟಾರಿಗೆ 36 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ, ಅದು ತಿರುಗಲಾರದೆ ಗುಂಯ್‌ಗುಡುತ್ತ ಕಾಯುತ್ತದೆ. ನಾಲ್ಕು ಚದರ ಮಿಲಿಮೀಟರ್ ಹಾಕಿದರೆ ಸೋರುವುದು 14 ವೋಲ್ಟ್.

ಇಷ್ಟೆಲ್ಲ ಮಾಡಿದ ಮೇಲೂ ಮಳೆ ಬಂದಾಗಲೆಲ್ಲ ಇಎಲ್‌ಸಿಬಿ ಬೀಳುತ್ತದೆಂದು ಅದನ್ನೇ ತೆಗೆಸಿ ನೇರ ಲೈನು ಕೊಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಎಲ್ಲೋ ಅಂಗಳದ ಜಂಕ್ಷನ್ ಪೆಟ್ಟಿಗೆಯೊಳಗೆ ನೀರು ಹೊಕ್ಕಿದೆ, ಇಲ್ಲವೇ ಯಾರೋ ನ್ಯೂಟ್ರಲ್ಲನ್ನು ಅರ್ಥಿಂಗಿಗೆ ಸೇರಿಸಿದ್ದಾರೆ. ಹೊರಗಿನ ಲೈನುಗಳನ್ನೆಲ್ಲ ಬೋರ್ಡಿನಿಂದ ಬಿಚ್ಚಿಸಿ, ಒಂದೊಂದಾಗಿ ಮರಳಿ ಸೇರಿಸಿದರೆ ಯಾವುದಕ್ಕೆ ಬೀಳುತ್ತದೋ ದೋಷ ಅಲ್ಲಿದೆ. ಬಿಚ್ಚುವಾಗ ಫೇಸಿನ ಜೊತೆ ನ್ಯೂಟ್ರಲ್ಲನ್ನೂ ಬಿಚ್ಚಬೇಕು, ಏಕೆಂದರೆ ಮಣ್ಣಿಗೆ ತಾಗಿದ ನ್ಯೂಟ್ರಲ್ ಸ್ವಿಚ್ ಆರಿಸಿದರೂ ಇಎಲ್‌ಸಿಬಿಯನ್ನು ಬೀಳಿಸಬಲ್ಲದು.