ಪದವಿಯ ನಂತರದ ಒಂದು ವರ್ಷ: ವರ್ತಕ ಬಂಧುಗಳು ಮಾಡಬಹುದಾದುದೇನು?

ಬಿ.ಕಾಂ. ಅಂತಿಮ ಸೆಮಿಸ್ಟರಿನ ಫಲಿತಾಂಶ ಬಂದ ದಿನ ಮನೆಯಲ್ಲಿ ಪೇಢೆ ಹಂಚುತ್ತಾರೆ. ಮೂರು ತಿಂಗಳು ಕಳೆಯುವುದರೊಳಗೆ ಅದೇ ಮನೆಯಲ್ಲಿ ‘ಮುಂದೇನು?’ ಎಂಬ ಪ್ರಶ್ನೆ ಊಟಕ್ಕೆ ಕುಳಿತಾಗಲೂ ಎದುರಾಗತೊಡಗುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಉದ್ಯಮಿಯ ಮನೆಯಾಗಲಿ, ಅಮರಗೋಳದ ಎಪಿಎಂಸಿ ವರ್ತಕರ ಮನೆಯಾಗಲಿ, ಚಿತ್ರ ಬಹುತೇಕ ಒಂದೇ. ಮಗ ಗಲ್ಲೆಯ ಮೇಲೆ ಕೂರಲಿ ಎಂಬುದು ತಂದೆಯ ಆಸೆ. ಒಮ್ಮೆ ಕುಳಿತರೆ ಮತ್ತೆ ಏಳಲಾಗದೆಂಬುದು ಮಗನ ಭಯ. ಮಗಳಿಗಾದರೋ ಆ ಆಹ್ವಾನವೂ ಇಲ್ಲ. ಕೆಲಸದ ಮಾತು ಮುಗಿಯುವ ಮೊದಲೇ ಮದುವೆಯ ಮಾತು ಆರಂಭವಾಗುತ್ತದೆ.

ಗೊಂದಲದ ಮೂಲ

ಈ ಅನಿಶ್ಚಿತತೆಗೆ ಯುವಜನರನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ಅವರು ಓದುತ್ತಿರುವಾಗಲೇ ವ್ಯವಸ್ಥೆ ಬದಲಾಯಿತು. ನಾಲ್ಕು ವರ್ಷಗಳ ಪದವಿಗೆ ಅವಕಾಶವಿತ್ತ ಶಿಕ್ಷಣ ನೀತಿ 2021ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದಿತು. 2024ರಲ್ಲಿ ಮೂರು ವರ್ಷಗಳ ಪದವಿ ಮರಳಿತು. ಕೆಲಸದ ಸ್ವರೂಪವೂ ಹಳೆಯದಾಗಿ ಉಳಿದಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಖಾತೆ ಬರೆಯುವುದನ್ನು ಕಾಲೇಜು ಕಲಿಸುತ್ತದೆ. ಆದರೆ ಸರಬರಾಜುದಾರ ರಿಟರ್ನ್ ಸಲ್ಲಿಸದಿದ್ದರೆ ಇನ್‌ಪುಟ್ ಕ್ರೆಡಿಟ್ ಏನಾಗುತ್ತದೆ ಎಂಬುದು ಮನದಟ್ಟಾಗುವುದು ಕೆಲಸದ ಮೇಜಿನ ಮುಂದೆಯೇ. ಮೊದಲ ಸಂದರ್ಶನದಲ್ಲಿ ಅನೇಕರು ಸೋಲುವುದು ಬುದ್ಧಿಯ ಕೊರತೆಯಿಂದಲ್ಲ. ನಿಜವಾದ ಬಿಲ್ಲನ್ನು ಅವರು ಕೈಯಲ್ಲಿ ಹಿಡಿದೇ ಇರುವುದಿಲ್ಲ.

2024ರ ಜನವರಿಯಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆಯು ನಿರುದ್ಯೋಗಿ ಪದವೀಧರರಿಗೆ ಗರಿಷ್ಠ ಎರಡು ವರ್ಷ ಮಾಸಿಕ 3,000 ರೂಪಾಯಿ ಒದಗಿಸಿತು. ಅರ್ಜಿ ಶುಲ್ಕಕ್ಕೆ, ಬಸ್ ಚಾರ್ಜಿಗೆ ಅದು ಆಸರೆ. ಅನುಭವವನ್ನು ಮಾತ್ರ ಉದ್ಯಮವೇ ಕೊಡಬೇಕು.

ಕಾನೂನಿನಲ್ಲಿರುವ ದಾರಿ

1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಯ ಫಿಟ್ಟರ್, ಟರ್ನರ್‌ಗಳಿಗೆ ಮಾತ್ರ ಸೀಮಿತವೆಂಬ ಭಾವನೆ ಇನ್ನೂ ಇದೆ. 2014ರ ತಿದ್ದುಪಡಿಯು ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಬಾಗಿಲು ತೆರೆಯಿತು. 2019ರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗೆ ಅಪ್ರೆಂಟಿಸ್ ನೇಮಕ ಕಡ್ಡಾಯ. 4ರಿಂದ 29 ಸಿಬ್ಬಂದಿಯುಳ್ಳವರಿಗೆ ಐಚ್ಛಿಕ. ಪೋರ್ಟಲ್‌ನಲ್ಲಿ ಒಪ್ಪಂದ ನೋಂದಾಯಿಸಿದರೆ, ನಿಗದಿತ ಕನಿಷ್ಠ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ.

ಕಾಯಂ ನೇಮಕಾತಿ ಬಯಸುವವರಿಗೆ ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಿದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಇದು ಅನ್ವಯ. 50ಕ್ಕಿಂತ ಕಡಿಮೆ ನೌಕರರುಳ್ಳ ಸಂಸ್ಥೆ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ನೇಮಿಸಿ ಆರು ತಿಂಗಳು ಉಳಿಸಿಕೊಂಡರೆ, ತಲಾ ಮಾಸಿಕ ಗರಿಷ್ಠ 3,000 ರೂಪಾಯಿ ಪ್ರೋತ್ಸಾಹಧನ ದೊರೆಯುತ್ತದೆ. ಭವಿಷ್ಯನಿಧಿ ನೋಂದಣಿ ಅವಶ್ಯ.

ಒಬ್ಬರ ಮಕ್ಕಳು, ಮತ್ತೊಬ್ಬರ ಅಂಗಡಿ

ಸ್ವಂತ ಮಕ್ಕಳ ವಿಷಯದಲ್ಲಿ ಇನ್ನೂ ಸರಳ ಉಪಾಯವೊಂದುಂಟು. ಒಬ್ಬ ಸದಸ್ಯರ ಮಗ ಅಥವಾ ಮಗಳು ಮತ್ತೊಬ್ಬ ಸದಸ್ಯರ ಸಂಸ್ಥೆಯಲ್ಲಿ ಹನ್ನೆರಡು ತಿಂಗಳು ದುಡಿಯಲಿ. ತಂದೆಯ ಅಂಗಡಿಯಲ್ಲಿ ‘ಸಾಹುಕಾರರ ಮಗ’ನ ತಪ್ಪನ್ನು ಎತ್ತಿ ತೋರಿಸುವವರಿಲ್ಲ, ಬೇರೆಡೆ ಆ ರಿಯಾಯಿತಿಯಿಲ್ಲ. ಮೊದಲ ಮೂರು ತಿಂಗಳು ಖರೀದಿ ಮತ್ತು ದಾಸ್ತಾನು, ನಂತರದ ಮೂರು ಮಾರಾಟ ಮತ್ತು ವಸೂಲಿ, ಮುಂದಿನ ಮೂರು ಲೆಕ್ಕಪತ್ರ ಮತ್ತು ತೆರಿಗೆ, ಕೊನೆಯ ಮೂರು ಉತ್ಪಾದನಾ ವೆಚ್ಚ ಅಥವಾ ಬ್ಯಾಂಕ್ ವ್ಯವಹಾರ. ಸಂಬಳವಿರಲಿ, ಅವಧಿ ಬರಹದಲ್ಲಿರಲಿ, ವರ್ಷಾಂತ್ಯದಲ್ಲಿ ಮಾಲೀಕರು ನಿಷ್ಠುರವಾದ ಅಭಿಪ್ರಾಯವನ್ನು ಬರೆದುಕೊಡಲಿ. ಚಹಾ ತರಿಸಲು, ಬ್ಯಾಂಕಿಗೆ ಓಡಾಡಿಸಲು ಮಾತ್ರ ಬಳಸಿಕೊಂಡರೆ ವರ್ಷ ವ್ಯರ್ಥ.

ಪರೀಕ್ಷೆಯ ದಾರಿ ಹಿಡಿಯುವವರಿಗೂ ಗಡುವು ಬೇಕು. ಶೇ. 55 ಅಂಕಗಳಿರುವ ವಾಣಿಜ್ಯ ಪದವೀಧರರು ಸಿ.ಎ. ಇಂಟರ್‌ಮೀಡಿಯೆಟ್‌ಗೆ ನೇರವಾಗಿ ಸೇರಬಹುದು. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷಗಳಿಂದ ಎರಡಕ್ಕೆ ಇಳಿದಿದೆ. ಆದರೆ ಎಷ್ಟು ಪ್ರಯತ್ನ, ಯಾವ ದಿನಾಂಕದವರೆಗೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಸಾಲಕ್ಕೆ ವಾಯಿದೆ ಇರುವಂತೆ ಪ್ರಯತ್ನಕ್ಕೂ ವಾಯಿದೆ ಇರಬೇಕು.

‘ಕಲಿಸಿದ ಮೇಲೆ ಬಿಟ್ಟುಹೋದರೆ?’ ಎಂಬುದು ಮಾಲೀಕರ ಸಹಜ ಶಂಕೆ. ಕೆಲವರು ಹೋಗುವುದು ನಿಜ. ಆದರೆ ಇಡೀ ಲೆಕ್ಕಪತ್ರ ಒಬ್ಬ ವಯಸ್ಸಾದ ಗುಮಾಸ್ತರ ನೆನಪಿನಲ್ಲಿ ಮಾತ್ರ ಉಳಿದಿರುವುದು ಅದಕ್ಕಿಂತ ದೊಡ್ಡ ಅಪಾಯ.

ಒಂದು ವರ್ಷದ ನಂತರ ಮಗ ತಂದೆಯ ಅಂಗಡಿಗೆ ಮರಳಿದರೆ ಅದು ಅವನ ಸ್ವಂತ ಆಯ್ಕೆಯಾಗಿರುತ್ತದೆ. ಮರಳದಿದ್ದರೆ ಆ ಸತ್ಯ ಅವನ ಇಪ್ಪತ್ತೆರಡನೆಯ ವಯಸ್ಸಿನಲ್ಲಿಯೇ ತಿಳಿಯುತ್ತದೆ. ಮೂವತ್ತೈದರಲ್ಲಿ, ಸಾಲವೂ ಸಂಸಾರವೂ ಬೆಳೆದ ಮೇಲೆ ತಿಳಿಯುವುದಕ್ಕಿಂತ ಇಬ್ಬರಿಗೂ ಅದೇ ಲೇಸು.