ಅಣುವಿನ ಅಂಕುಶ: ಶ್ವಾಸಕೋಶದ ಅರ್ಬುದ ಮತ್ತು ಮೈಕ್ರೋ ಆರ್‌ಎನ್‌ಎ

ಗದಗ-ಬೆಟಗೇರಿಯ ಪೇಟೆಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸಂತೆಯಲ್ಲಾಗಲಿ, ಎಲೆಯಲ್ಲಿ ಸುತ್ತಿ ದಾರ ಬಿಗಿದ ಬೀಡಿಯನ್ನು ಹಚ್ಚಿ, ಅದು ಆರಿಹೋಗದಂತೆ ಮೇಲಿಂದ ಮೇಲೆ ದಮ್ಮೆಳೆಯುವವರನ್ನು ಕಾಣದವರು ವಿರಳ. ಆ ಧೂಮವು ಶ್ವಾಸಕೋಶದ ಜೀವಕೋಶಗಳೊಳಗೆ ಯಾವ ವ್ಯವಸ್ಥೆಯನ್ನು ಕದಡುತ್ತದೆಂಬ ಪ್ರಶ್ನೆಗೆ ವಿಜ್ಞಾನವು ಕಂಡುಕೊಂಡ ಉತ್ತರಗಳಲ್ಲಿ ಮೈಕ್ರೋ ಆರ್‌ಎನ್‌ಎಯೂ ಒಂದು.

ಡಿಎನ್‌ಎಯು ಬೆಟಗೇರಿಯ ನೇಕಾರನ ಮೂಲನಕ್ಷೆಯಾದರೆ, ಸಂದೇಶವಾಹಕ ಆರ್‌ಎನ್‌ಎಯು ಮಗ್ಗಕ್ಕೆ ಬಂದ ಅದರ ಪ್ರತಿ. ಸುಮಾರು 22 ಘಟಕಗಳಷ್ಟೇ ಉದ್ದವುಳ್ಳ ಮೈಕ್ರೋ ಆರ್‌ಎನ್‌ಎಯಾದರೋ, ಆ ಪ್ರತಿಗೆ ಅಂಟಿಕೊಂಡು ಪ್ರೋಟೀನಿನ ಉತ್ಪತ್ತಿಯನ್ನು ತಗ್ಗಿಸುವ ನಿಯಾಮಕ. 1993ರಲ್ಲಿ ಸೂಕ್ಷ್ಮವಾದೊಂದು ಹುಳುವಿನಲ್ಲಿ ಇದನ್ನು ಬೆಳಕಿಗೆ ತಂದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಪಾರಿತೋಷಕವು ಸಂದಿತು.

ಆರೋಗ್ಯವಂತ ಶ್ವಾಸಕೋಶದಲ್ಲಿ ‘ಲೆಟ್-7’ ಎಂಬ ಮೈಕ್ರೋ ಆರ್‌ಎನ್‌ಎಯು, ಕೋಶವಿಭಜನೆಯನ್ನು ಪ್ರಚೋದಿಸುವ ‘ರಾಸ್’ ಪ್ರೋಟೀನನ್ನು ಹದ್ದುಬಸ್ತಿನಲ್ಲಿಡುತ್ತದೆ. ಅನೇಕ ಅರ್ಬುದಗಳಲ್ಲಿ, ಅಂದರೆ ಕ್ಯಾನ್ಸರ್‌ಗಳಲ್ಲಿ, ಲೆಟ್-7 ಕ್ಷೀಣಿಸಲು, ರಾಸ್ ನಿರಂಕುಶವಾಗಿ, ಕೋಶಗಳು ಎಲ್ಲೆಮೀರಿ ವೃದ್ಧಿಸುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ ‘ಮಿರ್-21’ ಎಂಬುದು ಮಿತಿಮೀರಿ ಹೆಚ್ಚಿ, ಗಡ್ಡೆಯನ್ನು ತಡೆಯುವ ‘ಪಿಟೆನ್’ ಜೀನನ್ನು ಅಡಗಿಸುತ್ತದೆ.

ರಕ್ತದಲ್ಲಿಯೂ ದೊರೆಯುವ ಈ ಅಣುಗಳಿಂದ ರೋಗವನ್ನು ಮುಂಚಿತವಾಗಿ ಗುರುತಿಸುವ ಸಂಶೋಧನೆ ನಡೆದಿದೆಯಾದರೂ, ಅದಿನ್ನೂ ನಿತ್ಯದ ಪರೀಕ್ಷೆಯಾಗಿಲ್ಲ. ಆದುದರಿಂದ ವಾರಗಟ್ಟಲೆ ನಿಲ್ಲದ ಕೆಮ್ಮನ್ನೂ ಕಫದಲ್ಲಿ ಕಂಡ ರಕ್ತವನ್ನೂ ಕ್ಷಯವೆಂದು ತಾವೇ ನಿರ್ಧರಿಸಿಕೊಂಡು ಕಾಲಹರಣ ಮಾಡದೆ, ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗಾಗಲಿ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ ಹೋಗಿ ತೋರಿಸಿಕೊಳ್ಳಬೇಕು. ಬೀಡಿಯನ್ನಂತೂ ಇಂದೇ ಬಿಡಬೇಕು.